‘ಬೇಕಾಗಿದ್ದಾರೆ’ ಎನ್ನುವವರಿಗೆ ನಿಜಕ್ಕೂ ಬೇಕಾಗಿರುವುದೇನು?

ಪತ್ರಿಕೆಯ ಒಳಪುಟದ ಮೂಲೆಯಲ್ಲಿ, ಸಂಘಗಳ ಮಾಸಿಕಗಳ ಕೊನೆಯ ಪುಟದಲ್ಲಿ, ಈಗೀಗ ವಾಟ್ಸ್‌ಆ್ಯಪ್ ಬಳಗಗಳಲ್ಲಿ ದಿನನಿತ್ಯ ಕಾಣಸಿಗುವ ‘ಬೇಕಾಗಿದ್ದಾರೆ’ ಜಾಹೀರಾತುಗಳ ಮೇಲೆ ಹೆಚ್ಚಿನವರು ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ಮನೆಯಲ್ಲಿ ಕೆಲಸ ಹುಡುಕುತ್ತಿರುವ ಮಗನೋ ಮಗಳೋ ಇದ್ದವರು ಮಾತ್ರ ಅವನ್ನು ಅಕ್ಷರ ಬಿಡದೆ ಓದುತ್ತಾರೆ. ಹಾಗೆ ಓದಿದವರಿಗೆ ಒಂದು ಮಾದರಿ ಈ ಹೊತ್ತಿಗೆ ಬಾಯಿಪಾಠವಾಗಿರಬಹುದು. ಲೆಕ್ಕಪತ್ರ ನೋಡಿಕೊಳ್ಳಲು ಅಕೌಂಟೆಂಟ್ ಬೇಕು, ಬಿ.ಕಾಂ. ಕಡ್ಡಾಯ, ಎಂ.ಕಾಂ. ಆದವರಿಗೆ ಆದ್ಯತೆ, ವಯಸ್ಸು 25ರೊಳಗಿರಬೇಕು, ಕನಿಷ್ಠ 5 ವರ್ಷಗಳ ಅನುಭವ ಇರಬೇಕು, ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ, ಟಿಡಿಎಸ್ ಎಲ್ಲವೂ ತಿಳಿದಿರಬೇಕು, ಇಂಗ್ಲಿಷ್‌ನಲ್ಲಿ ಪತ್ರವ್ಯವಹಾರ ನಡೆಸಬಲ್ಲವರಾಗಿರಬೇಕು, ಬ್ಯಾಂಕು, ವಸೂಲಿ ಎಂದು ಓಡಾಡಲು ಸ್ವಂತ ಬೈಕ್ ಇರಬೇಕು, ಒತ್ತಡದಲ್ಲಿ ದುಡಿಯುವ ಸಾಮರ್ಥ್ಯ ಇರಬೇಕು. ಸಂಬಳ? ‘ಯೋಗ್ಯತೆಗೆ ತಕ್ಕಂತೆ’.

ಲೆಕ್ಕ ಬಲ್ಲವರನ್ನು ಕೇಳುವ ಈ ಜಾಹೀರಾತಿನಲ್ಲೇ ಲೆಕ್ಕ ತಪ್ಪಿದೆ. ಹದಿನೆಂಟರ ಹೊತ್ತಿಗೆ ಹನ್ನೆರಡನೇ ತರಗತಿ ಮುಗಿಸಿದ ಹುಡುಗ, ಒಂದು ವರ್ಷವೂ ನಪಾಸಾಗದೆ ಓದಿದರೆ, ಬಿ.ಕಾಂ. ಪದವಿ ಪಡೆಯುವುದು 21ಕ್ಕೆ. ಎಂ.ಕಾಂ. ಎಂದರೆ 23. ಅದರ ಮೇಲೆ 5 ವರ್ಷಗಳ ಅನುಭವ ಸೇರಿಸಿದರೆ 26 ಅಥವಾ 28. ಬಾಗಿಲು ಮಾತ್ರ 25ಕ್ಕೇ ಮುಚ್ಚಿರುತ್ತದೆ. ಹಗಲು ದುಡಿದು ರಾತ್ರಿ ಕಾಲೇಜಿನಲ್ಲಿ ಓದಿದವನೊಬ್ಬ ಮಾತ್ರ ಈ ಷರತ್ತನ್ನು ಹೇಗೋ ಪೂರೈಸಿಯಾನು. ಆದರೆ ಅವನು ಹಗಲು ಹೋಟೆಲಿನ ಗಲ್ಲಾದಲ್ಲಿ ಕುಳಿತದ್ದನ್ನು ‘ಅನುಭವ’ ಎಂದು ಒಪ್ಪುವ ಕಂಪೆನಿ ಎಷ್ಟಿವೆ?

ಇದು ಇಲ್ಲಿನ ಸಣ್ಣ ಸಂಸ್ಥೆಗಳ ಅಜ್ಞಾನವಷ್ಟೇ ಎಂದು ತಳ್ಳಿಹಾಕುವಂತಿಲ್ಲ. ಜಗತ್ತಿನ ದೊಡ್ಡ ದೊಡ್ಡ ತಂತ್ರಜ್ಞಾನ ಸಂಸ್ಥೆಗಳೂ ಇದೇ ಹಾಡು ಹಾಡುತ್ತಿವೆ. ಫಾಸ್ಟ್‌ಎಪಿಐ ಎಂಬ, ಸಾಫ್ಟ್‌ವೇರ್ ಬರೆಯುವವರು ಬಳಸುವ ಸಾಧನವೊಂದನ್ನು ರೂಪಿಸಿದವರು ಸೆಬಾಸ್ಟಿಯನ್ ರಾಮಿರೆಜ್. 2020ರ ಜುಲೈಯಲ್ಲಿ ಅವರೇ ಒಂದು ಉದ್ಯೋಗ ಜಾಹೀರಾತನ್ನು ಕಂಡರು. ಅದರಲ್ಲಿ ಫಾಸ್ಟ್‌ಎಪಿಐಯಲ್ಲಿ ನಾಲ್ಕು ವರ್ಷಕ್ಕೂ ಮೇಲ್ಪಟ್ಟ ಅನುಭವ ಕೇಳಲಾಗಿತ್ತು. ಆ ಸಾಧನ ಹುಟ್ಟಿ ಆಗ ಸುಮಾರು ಒಂದೂವರೆ ವರ್ಷವಾಗಿತ್ತಷ್ಟೇ. ಹೆತ್ತವನಿಗೇ ಅರ್ಜಿ ಹಾಕುವ ಅರ್ಹತೆ ಇಲ್ಲ! ಅವರು ಅದನ್ನು ನಗುತ್ತಲೇ ಲೋಕಕ್ಕೆ ತಿಳಿಸಿದರು, ಲೋಕವೂ ನಕ್ಕಿತು. ಭಾರತದಲ್ಲಿ ಜಿಎಸ್‌ಟಿ ಜಾರಿಗೆ ಬಂದದ್ದು 2017ರ ಜುಲೈ 1ರಂದು. ಅದಾಗಿ ಎರಡು ವರ್ಷಕ್ಕೇ ಐದು ವರ್ಷದ ಜಿಎಸ್‌ಟಿ ಅನುಭವ ಕೇಳುವ ಮಾಲಕನಿಗೂ ಆ ಕಂಪೆನಿಗೂ ವ್ಯತ್ಯಾಸವಿಲ್ಲ. ಆದರೆ ಡೊಂಬಿವಲಿಯ ಬಾಡಿಗೆ ಮನೆಯಲ್ಲಿ ಕುಳಿತು, ತಿಂಗಳ ಕೊನೆಯಲ್ಲಿ ಇಂಥ ಸಾಲುಗಳನ್ನು ಓದುವ ಹುಡುಗಿಗೆ ನಗು ಬರುವುದಿಲ್ಲ.

ಇಷ್ಟೊಂದು ಬೇಡಿಕೆಗಳು ಎಲ್ಲಿಂದ ಬರುತ್ತವೆ? ಜಾಹೀರಾತನ್ನು ಬರೆಯುವವರ ಮೇಜಿನತ್ತ ಇಣುಕಿದರೆ ಉತ್ತರ ಸಿಗುತ್ತದೆ. ಕಚೇರಿಯಲ್ಲಿ ಹತ್ತು ಹನ್ನೆರಡು ವರ್ಷ ದುಡಿದ ಒಬ್ಬರು ಕೆಲಸ ಬಿಡುತ್ತಾರೆ. ಸೇರುವಾಗ ಅವರಿಗೆ ಬರುತ್ತಿದ್ದುದು ಟೈಪಿಂಗ್ ಮತ್ತು ಒಂದಿಷ್ಟು ಲೆಕ್ಕ. ಆಮೇಲೆ ಅಲ್ಲೇ ಕಂಪ್ಯೂಟರ್ ಕಲಿತರು, ತೆರಿಗೆಯ ಕಾನೂನು ಕಲಿತರು, ಬ್ಯಾಂಕಿನವರ ಪರಿಚಯ ಮಾಡಿಕೊಂಡರು, ಮಾಲಕರ ಸಿಟ್ಟನ್ನು ಇಳಿಸುವುದನ್ನೂ ಕಲಿತರು. ಅವರು ಹೋದ ಮೇಲೆ ಮಾಲಕರು ಅವರು ಮಾಡುತ್ತಿದ್ದ ಎಲ್ಲ ಕೆಲಸಗಳ ಪಟ್ಟಿ ಮಾಡುತ್ತಾರೆ. ಆ ಪಟ್ಟಿಯೇ ಜಾಹೀರಾತು. ಅದು ಹುದ್ದೆಯ ವಿವರವಲ್ಲ, ಬಿಟ್ಟುಹೋದವರ ವಿವರ. ಹನ್ನೆರಡು ವರ್ಷಗಳಲ್ಲಿ ಆ ಸಂಸ್ಥೆಯೇ ತಯಾರು ಮಾಡಿದ ಮನುಷ್ಯನನ್ನು ಈಗ ಸಿದ್ಧ ಸರಕಿನಂತೆ, ಅದೂ ಆರಂಭದ ಸಂಬಳಕ್ಕೆ, ಹೊರಗಿನಿಂದ ತರಿಸಿಕೊಳ್ಳುವ ಆಸೆ ಅದರಲ್ಲಿ ಅಡಗಿದೆ.

ಎರಡು ಮೂರು ಹುದ್ದೆಗಳನ್ನು ಒಂದು ಮಾಡುವ ಚಾಳಿ ಇನ್ನೊಂದು. ಕೊರೊನಾ ಕಾಲದಲ್ಲಿ, 2020 ಮತ್ತು 2021ರಲ್ಲಿ, ವ್ಯಾಪಾರ ಕುಸಿದಾಗ ಅನೇಕ ಸಂಸ್ಥೆಗಳು ಸಿಬ್ಬಂದಿಯನ್ನು ಇಳಿಸಿ, ಉಳಿದವರ ಮೇಲೆ ಎಲ್ಲ ಹೊರೆ ಹೊರಿಸಿದವು. ಅಂದು ಅದು ಅನಿವಾರ್ಯವೇ ಇದ್ದಿರಬಹುದು. ವ್ಯಾಪಾರ ಮರಳಿ ಬಂದರೂ ಹೊರೆ ಇಳಿಯಲಿಲ್ಲ. ಹೀಗಾಗಿ ಸ್ವಾಗತಕಾರಿಣಿಯೇ ಲೆಕ್ಕ ಬರೆಯಬೇಕು, ಲೆಕ್ಕದವನೇ ಗೋದಾಮು ನೋಡಬೇಕು, ಗೋದಾಮಿನವನೇ ಅಗತ್ಯ ಬಿದ್ದರೆ ಟೆಂಪೊ ಓಡಿಸಬೇಕು.

ಮೂರನೆಯ ಕಾರಣವನ್ನು ಮಾಲಕರ ಮೇಲೆ ಮಾತ್ರ ಹೊರಿಸುವಂತಿಲ್ಲ. ಅದು ಅರ್ಜಿಗಳ ಮಹಾಪೂರ. 2024ರ ಜುಲೈ 16ರಂದು ಕಲೀನಾದಲ್ಲಿ ನಡೆದದ್ದು ಮುಂಬಯಿಗರಿಗೆ ಮರೆತಿರಲಾರದು. ವಿಮಾನ ನಿಲ್ದಾಣದಲ್ಲಿ ಸಾಮಾನು ಏರಿಸಿ ಇಳಿಸುವ ಸುಮಾರು 2,200 ಹುದ್ದೆಗಳಿಗೆ ನೇರ ಸಂದರ್ಶನ ಎಂದು ಪ್ರಕಟವಾಗಿದ್ದೇ ತಡ, ಸಾವಿರ ಸಾವಿರ ಯುವಕರು ಬಂದು ಸೇರಿದರು. ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಗಿ, ಕೊನೆಗೆ ಬಯೋಡಾಟಾ ಕೊಟ್ಟು ಮರಳಿ ಹೋಗಿ ಎಂದು ಅವರಿಗೆ ಹೇಳಬೇಕಾಯಿತು. ಅದಕ್ಕೂ ಮೊದಲು, 2015ರಲ್ಲಿ, ಉತ್ತರ ಪ್ರದೇಶ ಸರಕಾರದ 368 ಜವಾನ ಹುದ್ದೆಗಳಿಗೆ 23 ಲಕ್ಷ ಅರ್ಜಿಗಳು ಬಂದಿದ್ದವು. ಕೇಳಿದ್ದು ಐದನೇ ತರಗತಿಯ ಓದು ಮತ್ತು ಸೈಕಲ್ ಸವಾರಿ. ಅರ್ಜಿ ಹಾಕಿದವರಲ್ಲಿ 255 ಮಂದಿ ಪಿಎಚ್.ಡಿ. ಪಡೆದವರಿದ್ದರು!

ಇಂಥ ದೇಶದಲ್ಲಿ ಷರತ್ತು ಸಡಿಲ ಮಾಡಿದರೆ ಅರ್ಜಿಗಳ ರಾಶಿ ಬೀಳುತ್ತದೆಂಬ ಭಯ ಮಾಲಕರಿಗಿರುವುದು ಸಹಜ. ರಾಶಿಯನ್ನು ಸೋಸಲು ಅವರ ಕೈಗೆ ಸಿಗುವ ಜರಡಿ ಎಂದರೆ ಪದವಿ, ಅನುಭವ, ವಯಸ್ಸು. ಈಗ ಆ ಸೋಸುವ ಕೆಲಸವನ್ನೂ ಕಂಪ್ಯೂಟರ್ ಮಾಡುತ್ತದೆ. ಜಾಹೀರಾತಿನಲ್ಲಿರುವ ಶಬ್ದ ಬಯೋಡಾಟಾದಲ್ಲಿ ಇಲ್ಲವಾದರೆ ಮನುಷ್ಯರ ಕಣ್ಣಿಗೆ ಬೀಳುವ ಮೊದಲೇ ಅದು ಹೊರಗೆ. ಜರಡಿಯ ಕಣ್ಣು ಕೆಲಸಕ್ಕೆ ತಕ್ಕಂತಿದ್ದರೆ ತಕರಾರಿಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 2017ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವಂತೆ, ಅಮೆರಿಕದಲ್ಲಿ 2015ರಲ್ಲಿ ಕಾರ್ಖಾನೆ ಮೇಲ್ವಿಚಾರಕರ ಹುದ್ದೆಗೆ ಬಂದ ಜಾಹೀರಾತುಗಳಲ್ಲಿ ಶೇ. 67ರಷ್ಟು ಪದವಿ ಕೇಳಿದ್ದವು. ಅದೇ ಹುದ್ದೆಯಲ್ಲಿ ಆಗಲೇ ದುಡಿಯುತ್ತಿದ್ದವರಲ್ಲಿ ಪದವಿ ಇದ್ದವರು ಕೇವಲ ಶೇ. 16. ಅಂದರೆ ಪದವಿ ಇಲ್ಲದೆ ಚೆನ್ನಾಗಿ ನಡೆಯುತ್ತಿದ್ದ ಕೆಲಸಕ್ಕೆ ಪದವಿಯ ಬೇಲಿ ಹಾಕಲಾಗಿತ್ತು. ಮುಂಬಯಿಯಲ್ಲಿ ಇಂಥ ಲೆಕ್ಕ ಯಾರಾದರೂ ತೆಗೆದರೆ ಚಿತ್ರ ಬಹಳ ಬೇರೆ ಇರಲಾರದು. ಇಲ್ಲಿನ ಎಷ್ಟೋ ಕಚೇರಿಗಳಲ್ಲಿ ಇಂದು ‘ಪದವಿ ಕಡ್ಡಾಯ’ ಎಂದು ಸಹಿ ಹಾಕುವ ಮ್ಯಾನೇಜರರು ಸ್ವತಃ ಎಸ್ಸೆಸ್ಸೆಲ್ಸಿ ಮುಗಿಸಿ ಊರಿನ ಬಸ್ಸು ಹತ್ತಿ ಬಂದವರು.

ಇದರಿಂದ ನಷ್ಟವಾಗುವುದು ಯಾರಿಗೆ ಎಂಬುದನ್ನು ಗಮನಿಸಬೇಕು. ಕೇಳಿದ್ದೆಲ್ಲ ತನ್ನಲ್ಲಿಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವವರು ಅರ್ಜಿಯನ್ನೇ ಹಾಕುವುದಿಲ್ಲ. ಹತ್ತರಲ್ಲಿ ಏಳು ಬಲ್ಲ ಸಂಕೋಚದ ಹುಡುಗಿ ಹಿಂದೆ ಸರಿಯುತ್ತಾಳೆ. ಮೂರು ಬಲ್ಲ ಧೈರ್ಯವಂತ ಹತ್ತೂ ಬರುತ್ತದೆಂದು ಬರೆದು ಕಳಿಸುತ್ತಾನೆ. ಪರಿಚಯದವರ ಅಂಗಡಿಯಿಂದ ಎರಡು ವರ್ಷದ ‘ಅನುಭವ ಪತ್ರ’ ಬರೆಸಿ ತರುವುದು ಈಗ ಗುಟ್ಟಿನ ವಿಷಯವೇನಲ್ಲ. ಸುಳ್ಳು ಕೇಳುವ ಜಾಹೀರಾತಿಗೆ ಸುಳ್ಳು ಉತ್ತರ ಬರುತ್ತದೆ. ಅದರಲ್ಲೂ ವಿಚಿತ್ರವೆಂದರೆ, ಇಲ್ಲದ ಪದವಿಯನ್ನು ಇದೆ ಎನ್ನುವ ಹಳೆಯ ಸುಳ್ಳಿನ ಜತೆಗೆ ಇದ್ದ ಪದವಿಯನ್ನು ಇಲ್ಲ ಎನ್ನುವ ಹೊಸ ಸುಳ್ಳೂ ಹುಟ್ಟಿಕೊಂಡಿದೆ. ಪದವೀಧರರು ಅರ್ಜಿ ಹಾಕುವಂತಿಲ್ಲ ಎಂದಿದ್ದ ಬ್ಯಾಂಕ್ ಜವಾನ ಹುದ್ದೆಗೆ ಪದವಿಯನ್ನು ಮುಚ್ಚಿಟ್ಟು ಸೇರಿದವರೊಬ್ಬರ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2020ರ ನವೆಂಬರ್‌ನಲ್ಲಿ ತೀರ್ಪು ಬ್ಯಾಂಕಿನ ಪರವಾಗಿ ಬಂತು. ಕಾನೂನಿನ ದೃಷ್ಟಿಯಲ್ಲಿ ತೀರ್ಪು ಸರಿಯೇ ಇರಬಹುದು. ಆದರೆ ಓದಿದ್ದನ್ನು ಅಪರಾಧದಂತೆ ಅಡಗಿಸಿಡಬೇಕಾದ ಸ್ಥಿತಿಗೆ ಒಬ್ಬ ಯುವಕ ಬರುವುದು ಯಾರಿಗೂ ಶೋಭೆಯಲ್ಲ.

ಇನ್ನೂ ಅಪಾಯಕಾರಿಯಾದ ಮಗ್ಗುಲೊಂದಿದೆ. ಸಭ್ಯ ಸಂಸ್ಥೆಗಳೆಲ್ಲ ಆಗದ್ದನ್ನು ಕೇಳಿ ಬಾಗಿಲು ಮುಚ್ಚಿಕೊಂಡಾಗ, ಏನನ್ನೂ ಕೇಳದ ಜಾಹೀರಾತುಗಳು ಆಕರ್ಷಕವಾಗಿ ಕಾಣತೊಡಗುತ್ತವೆ. ಅನುಭವ ಬೇಡ, ಪದವಿ ಬೇಡ, ಕಂಪ್ಯೂಟರಿನಲ್ಲಿ ಬೆರಳಾಡಿಸಲು ಬಂದರೆ ಸಾಕು, ಥಾಯ್ಲೆಂಡಿನಲ್ಲಿ ಕೆಲಸ, ಕೈತುಂಬ ಸಂಬಳ, ಟಿಕೆಟ್ ಉಚಿತ! ಹೀಗೆ ನಂಬಿ ಹೋದ ಭಾರತೀಯ ಯುವಕರನ್ನು ಮ್ಯಾನ್ಮಾರ್ ಗಡಿಯ ವಂಚನಾ ಕೇಂದ್ರಗಳಲ್ಲಿ ಕೂಡಿಹಾಕಿ ಸೈಬರ್ ಮೋಸ ಮಾಡಿಸಲಾಯಿತು. 2025ರ ಮಾರ್ಚ್‌ನಲ್ಲಿ ಭಾರತ ಸರಕಾರ ಎರಡು ವಿಮಾನಗಳಲ್ಲಿ 549 ಮಂದಿಯನ್ನು ಅಲ್ಲಿಂದ ಬಿಡಿಸಿ ಕರೆತಂದಿತು. ಅವರೆಲ್ಲ ಅತಿ ಆಸೆಗೆ ಬಿದ್ದವರೆಂದು ದೂರುವುದು ಸುಲಭ. ಊರಿನಲ್ಲಿ ನೂರು ಕಡೆ ‘ಅನುಭವ ಇದೆಯಾ?’ ಎಂಬ ಪ್ರಶ್ನೆ ಕೇಳಿಸಿಕೊಂಡು ಬಂದವನಿಗೆ, ಆ ಪ್ರಶ್ನೆ ಕೇಳದ ಮೊದಲ ಧ್ವನಿ ದೇವರ ಧ್ವನಿಯಂತೆ ಕೇಳಿಸಿದರೆ ಆಶ್ಚರ್ಯವಿಲ್ಲ.

ಮುಂಬಯಿ ಕನ್ನಡಿಗರಿಗೆ ಈ ವಿಷಯದಲ್ಲಿ ಒಂದು ವಿಶೇಷ ಸ್ಥಾನವಿದೆ. ಈ ನಗರದಲ್ಲಿ ಅವರ ನೆಲೆ ಕಟ್ಟಿದ್ದೇ ಅನುಭವವಿಲ್ಲದವರು. ಕರಾವಳಿಯಿಂದ ಹಡಗಿನಲ್ಲೋ ಬಸ್ಸಿನಲ್ಲೋ ಬಂದಿಳಿದ ಹುಡುಗನ ಬಳಿ ಇದ್ದದ್ದು ಒಂದು ವಿಳಾಸ ಮತ್ತು ‘ಇಂಥವರ ಅಕ್ಕನ ಮಗ’ ಎಂಬ ಪರಿಚಯ. ಮಾಟುಂಗದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ರಾಮ ನಾಯಕರು ಪಾತ್ರೆ ತೊಳೆಯುವುದರಿಂದಲೇ ಹೋಟೆಲಿನ ಕೆಲಸ ಕಲಿತವರು. ಅವರಂತೆ ಸಾವಿರಾರು ಮಂದಿ ಮೋರಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಗಲ್ಲಾಕ್ಕೆ, ಗಲ್ಲಾದಿಂದ ಪಾಲುದಾರಿಕೆಗೆ ಏರಿದರು. ಹಗಲು ಟೇಬಲ್ ಒರೆಸಿದವರು ರಾತ್ರಿ ಮೊಗವೀರ ರಾತ್ರಿ ಶಾಲೆ, ಗುರುನಾರಾಯಣ ರಾತ್ರಿ ಶಾಲೆಯಂಥ ಕಡೆ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತರು. ಆ ಕಾಲವನ್ನು ಚಿನ್ನದ ಯುಗವೆಂದು ಹೊಗಳುವ ಅಗತ್ಯವಿಲ್ಲ. ಎಳೆಯ ಮಕ್ಕಳು ಹದಿನಾಲ್ಕು ಗಂಟೆ ದುಡಿದ ಕಥೆಯೂ ಅದರೊಳಗಿದೆ. ಹೋಟೆಲುಗಳಲ್ಲಿ ಬಾಲಕರ ದುಡಿಮೆಯನ್ನು 2006ರ ಅಕ್ಟೋಬರ್‌ನಲ್ಲಿ ನಿಷೇಧಿಸಿದ್ದು ಸರಿಯಾಗಿಯೇ ಇದೆ. ಆದರೆ ಒಂದು ಮಾತನ್ನು ಒಪ್ಪಲೇಬೇಕು. ಬಂದವನಿಗೆ ಏನು ಬರುತ್ತದೆ ಎಂದು ಅಂದು ಯಾರೂ ಕೇಳುತ್ತಿರಲಿಲ್ಲ, ಏನು ಕಲಿಯುತ್ತಾನೆ ಎಂದು ನೋಡುತ್ತಿದ್ದರು.

ಕಚೇರಿಗಳಲ್ಲೂ ಹಾಗೆಯೇ. ಅಂದಿನ ಜಾಹೀರಾತು ಕೇಳುತ್ತಿದ್ದುದು ಶಾರ್ಟ್‌ಹ್ಯಾಂಡ್ ಇಷ್ಟು ವೇಗ, ಟೈಪಿಂಗ್ ಇಷ್ಟು ವೇಗ ಎಂದು. ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಆರು ತಿಂಗಳು ಬಡಿದವರು ಅದನ್ನು ಪೂರೈಸಬಹುದಿತ್ತು, ಮಾಲಕರು ಹತ್ತು ನಿಮಿಷದಲ್ಲಿ ಪರೀಕ್ಷಿಸಬಹುದಿತ್ತು. ಕೇಳಿದ್ದು ಅಳತೆಗೆ ಸಿಗುವಂಥದ್ದು. ಇಂದಿನ ‘ಚುರುಕು ವ್ಯಕ್ತಿತ್ವ’, ‘ಸ್ವಯಂಪ್ರೇರಣೆ’, ‘ಒತ್ತಡ ತಾಳುವ ಶಕ್ತಿ’ ಇವುಗಳನ್ನು ಅಳೆಯುವ ತಕ್ಕಡಿ ಯಾವ ಅಂಗಡಿಯಲ್ಲಿ ಸಿಗುತ್ತದೋ ತಿಳಿಯದು. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಗುಮಾಸ್ತರಾಗಿ ಸೇರಿ, ಒಳಗಿನ ಪರೀಕ್ಷೆಗಳನ್ನು ಬರೆದು, ಶಾಖಾ ವ್ಯವಸ್ಥಾಪಕರಾಗಿ ನಿವೃತ್ತರಾದವರು ಇಂದು ಮುಂಬಯಿಯ ಸಂಘಗಳ ಗೌರವಾಧ್ಯಕ್ಷರೂ ಕೋಶಾಧಿಕಾರಿಗಳೂ ಆಗಿದ್ದಾರೆ. ಅವರಿಗೆ ಕೆಲಸ ಕೊಟ್ಟವರು ಐದು ವರ್ಷದ ಅನುಭವ ಕೇಳಿದ್ದರೆ ಈ ಸಂಘಗಳ ಲೆಕ್ಕಪತ್ರ ಇಷ್ಟು ಚೊಕ್ಕವಾಗಿ ಇರುತ್ತಿರಲಿಲ್ಲ.

ಹೀಗಿರುವಾಗ ಅದೇ ಸಮಾಜದವರು ಇಂದು ಕೊಡುವ ಜಾಹೀರಾತುಗಳು ಹೇಗಿವೆ? ಹೋಟೆಲಿಗೆ ಕ್ಯಾಶಿಯರ್ ಬೇಕು ಎಂಬ ನಾಲ್ಕು ಸಾಲಿನಲ್ಲಿ ಕಂಪ್ಯೂಟರ್ ಬಿಲ್ಲಿಂಗ್, ಇಂಗ್ಲಿಷ್, ಹಿಂದಿ, ಮರಾಠಿ, ಅನುಭವ, ಜಾಮೀನು ಕೊಡುವ ಪರಿಚಯಸ್ಥರು ಎಲ್ಲವೂ ಇರುತ್ತವೆ. ಕೆಲಸ ಎಷ್ಟು ಹೊತ್ತಿಗೆ ಆರಂಭ, ಎಷ್ಟು ಹೊತ್ತಿಗೆ ಮುಕ್ತಾಯ, ವಾರದ ರಜೆ ಉಂಟೇ ಎಂಬುದು ಇರುವುದಿಲ್ಲ. ‘ಊಟ ವಸತಿ ಇದೆ’ ಎಂಬ ಮೂರು ಶಬ್ದಗಳ ಹಿಂದೆ ಬೆಳಗ್ಗೆ ಆರರಿಂದ ರಾತ್ರಿ ಹನ್ನೊಂದರವರೆಗೆ ಕರೆದಾಗ ಬರಬೇಕು ಎಂಬ ಅರ್ಥ ಅಡಗಿರುವುದು ಸೇರಿದ ಮೇಲೆಯೇ ತಿಳಿಯುತ್ತದೆ. ಕಾನೂನಿನ ಪ್ರಕಾರ ವಾರಕ್ಕೆ 48 ಗಂಟೆ, ಅದಕ್ಕೆ ಮೀರಿದರೆ ಹೆಚ್ಚುವರಿ ಕೂಲಿ. ಊರಿನಿಂದ ಹುಡುಗರು ಬರುತ್ತಿಲ್ಲ, ಬಂದವರು ನಿಲ್ಲುತ್ತಿಲ್ಲ ಎಂಬುದು ಹೋಟೆಲು ಉದ್ಯಮಿಗಳ ಸಭೆಗಳಲ್ಲಿ ಪ್ರತೀ ವರ್ಷ ಕೇಳಿಬರುವ ಅಳಲು. ಆ ಅಳಲಿಗೆ ಜಾಹೀರಾತಿನಲ್ಲಿ ಬರೆಯದೆ ಬಿಟ್ಟ ಸಾಲುಗಳೂ ಕಾರಣವಲ್ಲವೇ?

ಶಿಕ್ಷಣ ಸಂಸ್ಥೆಗಳದು ಇನ್ನೊಂದು ಬಗೆ. ಎಂ.ಎ., ಬಿ.ಎಡ್., ಟಿಇಟಿ ತೇರ್ಗಡೆ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಪಾಠ ಹೇಳುವ ಸಾಮರ್ಥ್ಯ, ಸಾಂಸ್ಕೃತಿಕ ಚಟುವಟಿಕೆಗಳಲ್ಲಿ ಆಸಕ್ತಿ. ಇಷ್ಟೆಲ್ಲ ಇದ್ದವರಿಗೆ ಸಂಬಳವಲ್ಲ, ‘ಗೌರವಧನ’. ಸಂಘಗಳ ಕಚೇರಿ ಸಹಾಯಕರ ಹುದ್ದೆಯೂ ಕಡಿಮೆಯೇನಲ್ಲ. ಸದಸ್ಯತ್ವದ ದಾಖಲೆ, ರಶೀದಿ, ಆಮಂತ್ರಣ ಪತ್ರಿಕೆಯ ಕರಡು ತಿದ್ದುವುದು, ಬ್ಯಾನರ್, ವಾಟ್ಸ್‌ಆ್ಯಪ್, ಸಭಾಗೃಹದ ಬುಕಿಂಗ್, ಭಾನುವಾರ ಯಕ್ಷಗಾನವೋ ಸನ್ಮಾನವೋ ಇದ್ದರೆ ರಾತ್ರಿ ಕುರ್ಚಿ ಎಣಿಸಿ ಬೀಗ ಹಾಕುವವರೆಗೆ ಹಾಜರಿ. ಕೊನೆಗೊಂದು ಸಾಲು: ‘ಸೇವಾ ಮನೋಭಾವ ಉಳ್ಳವರಿಗೆ ಆದ್ಯತೆ’. ಪದಾಧಿಕಾರಿಗಳಿಗೆ ಸೇವಾ ಮನೋಭಾವ ಬೇಕು, ಸಂಶಯವಿಲ್ಲ. ಲೋಕಲ್ ಟ್ರೇನಿನ ಪಾಸು ತೆಗೆದು ವಿರಾರಿನಿಂದ ಬರುವ ನೌಕರನಿಗೆ ಮೊದಲು ಬೇಕಾದದ್ದು ತಿಂಗಳ ಸಂಬಳ. ಈ ಎರಡನ್ನು ಬೆರೆಸುವುದು ಅನ್ಯಾಯ.

ವಯಸ್ಸು ಮತ್ತು ಲಿಂಗದ ಷರತ್ತುಗಳ ವಿಷಯವನ್ನೂ ಹೇಳಬೇಕು. ನಲ್ವತ್ತೈದು ದಾಟಿದವರಿಗೆ ಕಂಪೆನಿ ಮುಚ್ಚಿದರೆ ಮುಂದೆ ದಾರಿಯೇ ಇಲ್ಲದಂತೆ ‘35ರೊಳಗೆ’ ಎಂಬ ಗೆರೆ ಎಳೆಯಲಾಗುತ್ತದೆ. ಆ ವಯಸ್ಸಿಗೇ ಮಕ್ಕಳ ಕಾಲೇಜು ಶುಲ್ಕ ಮತ್ತು ಮನೆಯ ಸಾಲದ ಕಂತು ಜೋರಾಗಿರುವುದು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮತ್ತೆ ಕೆಲಸಕ್ಕೆ ಮರಳಬಯಸುವ ಮಹಿಳೆಯರಿಗೆ ‘ನಡುವೆ ಅಂತರ ಇರಬಾರದು’ ಎಂಬ ಅಡ್ಡಗಾಲು. ‘ಪುರುಷರು ಮಾತ್ರ’, ‘ಅವಿವಾಹಿತೆಯರಿಗೆ ಆದ್ಯತೆ’ ಎಂದು ಬರೆಯುವವರು ಕಾನೂನನ್ನು ನೋಡಿದಂತೆ ಕಾಣುವುದಿಲ್ಲ. ಒಂದೇ ಬಗೆಯ ಕೆಲಸಕ್ಕೆ ನೇಮಕ ಮಾಡುವಾಗ ಮಹಿಳೆಯರನ್ನು ಬೇರೆಯಾಗಿ ಕಾಣಬಾರದೆಂದು 1976ರ ಸಮಾನ ವೇತನ ಕಾಯಿದೆಯೇ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಅದೇ ತತ್ವ ಇದೆ.

ಮಾಲಕರ ಕಡೆಯ ಮಾತನ್ನೂ ಕೇಳದಿದ್ದರೆ ನ್ಯಾಯವಾಗದು. ಹೊಸಬನನ್ನು ತೆಗೆದುಕೊಂಡು ಆರು ತಿಂಗಳು ಕಲಿಸುತ್ತೇವೆ, ಕೈ ಪಳಗುತ್ತಿದ್ದಂತೆ ಎದುರಿನ ಅಂಗಡಿಯವರು ಎರಡು ಸಾವಿರ ಹೆಚ್ಚು ಕೊಟ್ಟು ಕರೆದೊಯ್ಯುತ್ತಾರೆ ಎಂಬುದು ಅವರ ದೂರು. ಅದು ಸುಳ್ಳಲ್ಲ. ಸಂದರ್ಶನಕ್ಕೆ ಬರುತ್ತೇನೆಂದು ಹೇಳಿ ಬಾರದವರು, ಸೇರಿದ ಮೂರನೇ ದಿನ ಫೋನ್ ಬಂದ್ ಮಾಡಿ ಮಾಯವಾದವರು, ಪದವಿ ಪ್ರಮಾಣಪತ್ರ ಇದ್ದೂ ಒಂದು ಅರ್ಜಿ ಬರೆಯಲು ಬಾರದವರು ಎಲ್ಲ ಮಾಲಕರ ಅನುಭವಕ್ಕೂ ಬಂದಿದ್ದಾರೆ. ಕಾಲೇಜುಗಳು ಕಲಿಸಬೇಕಾದ್ದನ್ನು ಕಲಿಸದಿದ್ದರೆ ಅದರ ಖರ್ಚನ್ನು ತಾವೇಕೆ ಹೊರಬೇಕು ಎಂದು ಅವರು ಕೇಳುವುದರಲ್ಲಿ ಅರ್ಥವಿದೆ. ಆದರೆ ಎಲ್ಲರೂ ಕಲಿತವರನ್ನೇ ಕೇಳಿ, ಯಾರೂ ಕಲಿಸದಿದ್ದರೆ, ಎದುರಿನ ಅಂಗಡಿಯಿಂದ ಎಳೆದುಕೊಳ್ಳುವುದೊಂದೇ ಉಳಿಯುವ ದಾರಿ. ಈ ಎಳೆದಾಟಕ್ಕೆ ಬೀಜ ಬಿತ್ತಿದ್ದು ಅದೇ ಜಾಹೀರಾತು.

ಹೊಸಬರನ್ನು ತೆಗೆದುಕೊಳ್ಳುವ ಖರ್ಚಿನಲ್ಲಿ ಒಂದಿಷ್ಟನ್ನು ಸರಕಾರ ಹೊರುತ್ತದೆ ಎಂಬುದನ್ನು ಸಣ್ಣ ಉದ್ಯಮಿಗಳಲ್ಲಿ ಅನೇಕರು ಗಮನಿಸಿದಂತಿಲ್ಲ. 1961ರ ಅಪ್ರೆಂಟಿಸ್ ಕಾಯಿದೆಯ ನಿಯಮಗಳಿಗೆ 2019ರಲ್ಲಿ ತಂದ ತಿದ್ದುಪಡಿಯಂತೆ 30 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆ ಒಟ್ಟು ಸಿಬ್ಬಂದಿಯ ಶೇ. 2.5ರಿಂದ ಶೇ. 15ರವರೆಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕು. ನಲ್ವತ್ತು ಮಂದಿ ಇರುವ ಹೋಟೆಲಿಗೆ ಇದು ಒಬ್ಬ ಹುಡುಗನ ಲೆಕ್ಕ. ನಾಲ್ಕರಿಂದ 29 ಮಂದಿ ಇರುವ ಸಂಸ್ಥೆಗಳಿಗೆ ಇದು ಐಚ್ಛಿಕ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್ ಉತ್ತೇಜನ ಯೋಜನೆಯಡಿ ಭತ್ಯೆಯ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿಯ ಮಿತಿಯಲ್ಲಿ, ಕೇಂದ್ರ ಸರಕಾರ ಭರಿಸುತ್ತದೆ. ಅದಲ್ಲದೆ 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗಿನ ನೇಮಕಗಳಿಗೆ ಪ್ರಧಾನ ಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ಅನ್ವಯಿಸುತ್ತದೆ. ಮೊದಲ ಬಾರಿಗೆ ಭವಿಷ್ಯನಿಧಿಯ ಖಾತೆಗೆ ಸೇರುವ ನೌಕರನಿಗೆ ಗರಿಷ್ಠ 15,000 ರೂಪಾಯಿ ಎರಡು ಕಂತುಗಳಲ್ಲಿ ಸಿಗುತ್ತದೆ; ಹೆಚ್ಚುವರಿ ನೇಮಕ ಮಾಡಿ ಉಳಿಸಿಕೊಂಡ ಮಾಲಕನಿಗೆ ಒಬ್ಬೊಬ್ಬ ನೌಕರನ ಲೆಕ್ಕದಲ್ಲಿ ತಿಂಗಳಿಗೆ ಗರಿಷ್ಠ 3,000 ರೂಪಾಯಿ, ಎರಡು ವರ್ಷಗಳವರೆಗೆ. ಭತ್ಯೆಯೊಂದರಲ್ಲೇ ಮುಂಬಯಿಯಲ್ಲಿ ಬಾಡಿಗೆ ಕೊಟ್ಟು ಬದುಕಲು ಆಗದು ಎಂಬುದು ನಿಜ. ಊಟ ವಸತಿ ಕೊಡುವ ಹೋಟೆಲುಗಳಿಗೆ ಇಲ್ಲೇ ಒಂದು ಅನುಕೂಲವಿದೆ. ಬೇರೆ ಯಾವ ಉದ್ಯಮಕ್ಕೂ ಅಷ್ಟು ಸುಲಭವಾಗಿ ಒದಗದ ಅನುಕೂಲ ಅದು.

ಇನ್ನು ಆ ‘ಯೋಗ್ಯತೆಗೆ ತಕ್ಕಂತೆ’ ಎಂಬ ಸಂಬಳದ ಮಾತು. ಕೆಲಸ ಹುಡುಕುವವನು ತನ್ನ ಓದು, ವಯಸ್ಸು, ಊರು, ಹಿಂದಿನ ಸಂಬಳ, ಅದರ ರಶೀದಿ ಎಲ್ಲವನ್ನೂ ಬಿಚ್ಚಿಡಬೇಕು. ಕೊಡುವವನು ಒಂದು ಅಂಕಿಯನ್ನೂ ಹೇಳುವುದಿಲ್ಲ. ಮೀರಾ ರೋಡಿನಿಂದ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡು ರೈಲು ಬದಲಿಸಿ ಫೋರ್ಟಿಗೆ ಬಂದು, ಮೂರು ಗಂಟೆ ಕಾದ ಮೇಲೆ ಕೇಳಿಬರುವ ಸಂಬಳ ಅವನ ಈಗಿನ ಸಂಬಳಕ್ಕಿಂತ ಕಡಿಮೆ! ಇಬ್ಬರಿಗೂ ಒಂದು ದಿನ ವ್ಯರ್ಥ. ಐರೋಪ್ಯ ಒಕ್ಕೂಟ 2023ರಲ್ಲಿ ಇದಕ್ಕೊಂದು ನಿರ್ದೇಶನ ಹೊರಡಿಸಿತು. ಸಂದರ್ಶನಕ್ಕೆ ಮೊದಲೇ ಆರಂಭದ ಸಂಬಳವನ್ನೋ ಅದರ ಮಿತಿಯನ್ನೋ ತಿಳಿಸಬೇಕು, ಹಿಂದಿನ ಸಂಬಳ ಎಷ್ಟೆಂದು ಅಭ್ಯರ್ಥಿಯನ್ನು ಕೇಳಬಾರದು ಎಂದು ಅದು ಹೇಳುತ್ತದೆ. ಸದಸ್ಯ ದೇಶಗಳು ಅದಕ್ಕೆ ತಕ್ಕ ಕಾನೂನು ಮಾಡಲು ಕೊಟ್ಟ ಗಡುವು 2026ರ ಜೂನ್ 7. ಭಾರತದಲ್ಲಿ ಹೊಸ ಸಂಹಿತೆಗಳಂತೆ ನೇಮಕ ಪತ್ರ ಕೊಡುವುದು ಕಡ್ಡಾಯವಾಗಿದೆ, ಆದರೆ ಅದು ಸೇರಿದ ಮೇಲಿನ ಮಾತು. ದೊಡ್ಡ ಐಟಿ ಕಂಪೆನಿಗಳು ಹೊಸ ಎಂಜಿನಿಯರರಿಗೆ ಕೊಡುವ ವಾರ್ಷಿಕ ಸಂಬಳ ಹದಿನೈದು ವರ್ಷಗಳಿಂದ ಮೂರು ನಾಲ್ಕು ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಬೇಡಿಕೆಗಳ ಪಟ್ಟಿ ಮಾತ್ರ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ.

ಕಾನೂನು ಬರುವವರೆಗೆ ಕಾಯಬೇಕೆಂದೇನೂ ಇಲ್ಲ. ಜಾಹೀರಾತು ಹಂಚುವ ಜಾಗಗಳು ಸಂಘಗಳ ಕೈಯಲ್ಲೇ ಇವೆ. ತಮ್ಮ ಮಾಸಿಕದಲ್ಲಿ, ಸೂಚನಾ ಫಲಕದಲ್ಲಿ, ವಾಟ್ಸ್‌ಆ್ಯಪ್ ಬಳಗದಲ್ಲಿ ಬರುವ ಯಾವುದೇ ‘ಬೇಕಾಗಿದ್ದಾರೆ’ ಸೂಚನೆಗೆ ಸಂಬಳದ ಅಂಕಿ, ದುಡಿಮೆಯ ಗಂಟೆ, ವಾರದ ರಜೆ, ಸ್ಥಳ ಈ ನಾಲ್ಕು ಇರಲೇಬೇಕೆಂದು ಕಾರ್ಯಕಾರಿ ಸಮಿತಿ ಒಂದು ಠರಾವು ಮಾಡಿದರೆ ಸಾಕು. ‘ಮೊದಲೇ ಬರಬೇಕಾದದ್ದು’ ಮತ್ತು ‘ಇಲ್ಲಿ ಬಂದು ಕಲಿಯಬಹುದಾದದ್ದು’ ಎಂದು ಎರಡು ಸಾಲು ಮಾಡಲು ಮಾಲಕರಿಗೆ ಹೇಳಬೇಕು. ಆ ಎರಡು ಸಾಲು ಬರೆಯಲು ಕುಳಿತವರಿಗೇ ಮೊದಲನೆಯದರಲ್ಲಿ ಎಷ್ಟು ಕಡಿಮೆ ಇದೆ ಎಂಬುದು ಗೊತ್ತಾಗುತ್ತದೆ. ಬಂದ ಅರ್ಜಿಗೆ ಆಯಿತು ಅಥವಾ ಇಲ್ಲ ಎಂಬ ಒಂದು ಉತ್ತರ ಕಳಿಸುವುದಕ್ಕೆ ಹಣ ಖರ್ಚಾಗುವುದಿಲ್ಲ.

ನಿವೃತ್ತ ಬ್ಯಾಂಕರುಗಳು, ತೆರಿಗೆ ಸಲಹೆಗಾರರು ಪ್ರತಿಯೊಂದು ಸಂಘದಲ್ಲೂ ಇದ್ದಾರೆ. ವಾರಕ್ಕೆ ಎರಡು ಸಂಜೆ ಟ್ಯಾಲಿ ಮತ್ತು ಜಿಎಸ್‌ಟಿ ರಿಟರ್ನ್ ತುಂಬುವುದನ್ನು ಅವರು ಕಲಿಸಬಲ್ಲರು. ಸಂಘದ್ದೇ ಲೆಕ್ಕ, ಸಮಾಜದ ಸಹಕಾರಿ ಸಂಸ್ಥೆಗಳ ಲೆಕ್ಕ ಬರೆದು ಅಭ್ಯಾಸ ಮಾಡಿದ ಹುಡುಗ ಹುಡುಗಿಯರಿಗೆ, ನಿಜವಾಗಿ ದುಡಿದಷ್ಟೇ ತಿಂಗಳ ಅನುಭವ ಪತ್ರವನ್ನು ಅಧ್ಯಕ್ಷರ ಸಹಿಯೊಂದಿಗೆ ಕೊಡಬಹುದು. ರಾತ್ರಿ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಖಾಲಿ ಬಿದ್ದ ಕೋಣೆಗಳು ಎಲ್ಲೆಲ್ಲಿವೆ ಎಂಬುದು ಪದಾಧಿಕಾರಿಗಳಿಗೆ ತಿಳಿದೇ ಇದೆ. ಮನೆಯಲ್ಲಿ ತುಳುವೋ ಕೊಂಕಣಿಯೋ, ಸಂಘದಲ್ಲಿ ಕನ್ನಡ, ರಸ್ತೆಯಲ್ಲಿ ಹಿಂದಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಐದು ಭಾಷೆ ಆಡುವ ಮಕ್ಕಳು ತಮ್ಮ ಬಯೋಡಾಟಾದಲ್ಲಿ ಅದನ್ನು ಬರೆಯಲೂ ಮರೆಯುತ್ತಾರೆ. ಅದನ್ನು ಬರೆಸುವವರೂ ಬೇಕು.

ಜೂನ್ ಜುಲೈ ಬಂತೆಂದರೆ ಸಂಘಗಳಲ್ಲಿ ಪುಸ್ತಕ ವಿತರಣೆ, ವಿದ್ಯಾರ್ಥಿವೇತನ, ಪ್ರತಿಭಾ ಪುರಸ್ಕಾರದ ಸಭೆಗಳು ಸಾಲುಗಟ್ಟುತ್ತವೆ. ವೇದಿಕೆಯಲ್ಲಿ ಹೋಟೆಲು ಉದ್ಯಮಿಗಳು, ಕಾರ್ಖಾನೆ ಮಾಲಕರು, ಬ್ಯಾಂಕಿನ ನಿರ್ದೇಶಕರು ಕುಳಿತಿರುತ್ತಾರೆ. ಕೆಳಗೆ ಅಂಕಪಟ್ಟಿ ಹಿಡಿದ ಮಕ್ಕಳು ಮತ್ತು ಅವರ ಹೆತ್ತವರು. ಶಾಲು ಹಾರಗಳ ನಡುವೆ ಕಾರ್ಯದರ್ಶಿಗಳು ಮೈಕು ಹಿಡಿದು ಒಂದು ಪ್ರಶ್ನೆ ಕೇಳಬಹುದು: ಈ ವರ್ಷ ತಮ್ಮ ಸಂಸ್ಥೆಯಲ್ಲಿ ಅನುಭವವಿಲ್ಲದ ಎಷ್ಟು ಮಂದಿಗೆ ಜಾಗವಿದೆ, ಸಂಬಳ ಎಷ್ಟು? ಬಂದ ಉತ್ತರವನ್ನು, ಹೆಸರು ಮತ್ತು ಸಂಖ್ಯೆ ಸಹಿತ, ವಾರ್ಷಿಕ ವರದಿಯಲ್ಲಿ ದೇಣಿಗೆಯ ಪಟ್ಟಿಯ ಪಕ್ಕದಲ್ಲೇ ಅಚ್ಚು ಹಾಕಬಹುದು.